ಒಳಗೆ ಬಿಟ್ಟ ಬಟ್ಟೆ

ಚಿಕ್ಕಮ್ಮನ ಟ್ರಂಕು ತೆಗೆದಾಗ
ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ,
ಆಮೇಲೆ ತೋಳಿನೊಳಗೆ ಗಾಳಿ ಹಿಡಿದುಕೊಂಡೇ ಮಲಗಿದ್ದ
ಆನಂದ ಬಣ್ಣದ ರವಿಕೆ.
ಬುಗ್ಗೆ ತೋಳು. ಬೆನ್ನಿಗೆ ಎರಡು ಗುಂಡಿ, ಸುಮ್ಮನೆ ಚೆಂದಕ್ಕೆ.

ಇದನ್ನು ತೊಟ್ಟು ವನಮಾಲ ಚಿಕ್ಕಮ್ಮ
ಬೆಳಿಗ್ಗೆ ಏಳೂಕಾಲಿಗೆ ಗುಬ್ಬಿ ಗೇಟಿನಲ್ಲಿ
ಗಡಿಯಾರ ಕಾರ್ಖಾನೆಯ ಬಸ್ಸು ಹತ್ತುತ್ತಿದ್ದಳು.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಸಾಸಿವೆಗಿಂತ ಸಣ್ಣ ತಿರುಪುಗಳನ್ನು
ಚಿಮುಟದಲ್ಲಿ ಎತ್ತಿ ಎತ್ತಿ ಕೂರಿಸುವುದು ಕೆಲಸ.
ಊರೂರ ಮದುಮಕ್ಕಳ ಮಣಿಕಟ್ಟಿಗೆ
ಹೊತ್ತು ಕಟ್ಟಿಕೊಟ್ಟವಳು
ತನಗೆಂದು ಒಂದು ಮುಹೂರ್ತ ನೋಡಲಿಲ್ಲ.

ನನ್ನದು ಡಿಸಿ ಆಫೀಸಿನೆದುರು ಜೆರಾಕ್ಸ್ ಅಂಗಡಿ.
ಪಹಣಿ, ಆಧಾರ್, ಸತ್ತವರ ಸರ್ಟಿಫಿಕೇಟು,
ಯಾವ ಬಣ್ಣದ್ದು ಕೊಟ್ಟರೂ ಯಂತ್ರ
ಕಪ್ಪುಬಿಳುಪು ಮಾಡಿ ಉಗುಳುತ್ತದೆ,
ಹಾಳೆಗೆ ಎರಡು ರೂಪಾಯಿ.
ಹಾಗಾಗಿ ನಾನು ಬಣ್ಣ ಕದಿಯುತ್ತೇನೆ.
ಕೆಟ್ಟ ಪ್ರತಿಗಳ ಬೆನ್ನ ಮೇಲೆ ಬರೆದಿಡುತ್ತೇನೆ:
ಮಂಡಿಪೇಟೆಯಲ್ಲಿ ಚೀಲ ಹರಿದು ಚೆಲ್ಲಿದ ಮೆಣಸಿನಕಾಯಿ,
ಇವತ್ತಿನದಲ್ಲ, ಚಕ್ರ ಹರಿದ ನಿನ್ನೆಯದು.
ಅಮಾನಿಕೆರೆ ನೀರು, ಮೋಡ ಕವಿದ ಐದು ನಿಮಿಷ.
ಸೌತೆಕಾಯಿ ಮಾರುವ ತಿಮ್ಮಕ್ಕಜ್ಜಿಯ
ಎಲೆಅಡಿಕೆ ಚೀಲದ ಒಳಮೈ.
ಹುಣಸೆ ಹೂವಿನೊಳಗಿನ ಕೆಂಪು ನರ,
ಅದಕ್ಕೆ ತಕ್ಕ ದಾರ ಇನ್ನೂ ಸಿಕ್ಕಿಲ್ಲ.

ರವಿಕೆ ನನಗೆ ಹಿಡಿಯಲಿಲ್ಲ.
ಮೂರು ಕೊಕ್ಕೆ ಹಾಕಿದರೆ ನಾಲ್ಕನೆಯದು ಬೈಯುತ್ತಿತ್ತು.
ಅಗಲ ಮಾಡಿಸೋಣವೆಂದು
ಚಿಕ್ಕಪೇಟೆಯ ಜಬೀವುಲ್ಲಾ ಸಾಹೇಬರ ಹತ್ತಿರ ಒಯ್ದೆ.
ಕನ್ನಡಕ ಹಣೆಗೇರಿಸಿ, ಒಳಗಿನದನ್ನು ಹೊರಗೆ ಮಾಡಿ,
ಮೊಲದ ಹೊಟ್ಟೆ ಸವರುವ ಹಾಗೆ ಹೊಲಿಗೆ ಸವರಿದರು.
‘ಯಾರ ಕೈಯೋ, ಗಟ್ಟಿ ಕೈ.
ನೋಡಮ್ಮ, ಒಳಗೆ ಎರಡಿಂಚು ಬಟ್ಟೆ ಬಿಟ್ಟವ್ನೆ.
ಈಗ ಯಾರ್ ಬಿಡ್ತಾರೆ?
ಮೈ ಬೆಳೀತದೆ ಅಂತ ನಂಬೋ ದರ್ಜಿ ಎಲ್ಲವ್ನೆ?’

ಬಗ್ಗಿ ನೋಡಿದೆ. ಬಗಲ ಕೆಳಗೆ
ಒಂದರ ಪಕ್ಕ ಒಂದು ತೂತುಗಳ ಸಾಲು,
ಇರುವೆ ನಡೆದು ಹೋದಂತೆ, ಬಿಚ್ಚಿದ ಹೊಲಿಗೆ.
ಮೊದಲನೆಯದು ಕೆಲಸಕ್ಕೆ ಸೇರಿದ ವರ್ಷದ ಚಿಕ್ಕಮ್ಮ, ಕಡ್ಡಿ.
ಎರಡನೆಯದು, ಬೋನಸ್ಸು ಬಂದು
ಭಾನುವಾರ ಭಾನುವಾರ ಗೆಳತಿಯರ ಜೊತೆ
ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದವಳು.
ಮೂರನೆಯದು ಯಾವಾಗಿನದೋ ಗೊತ್ತಿಲ್ಲ.
ಅಮ್ಮನನ್ನು ಕೇಳಿದರೆ ಬೇರೆ ಮಾತು ತೆಗೆಯುತ್ತಾಳೆ.

ಅದರಾಚೆ ಬಿಸಿಲೇ ಕಾಣದ ಅರ್ಧ ಇಂಚು.
ಅಲ್ಲಿ ಆನಂದ ಇನ್ನೂ ಆನಂದವಾಗಿಯೇ ಇತ್ತು.
ಹೊರಗಿನದು ಇಷ್ಟು ವರ್ಷದ ಬೆವರು, ಬಾರ್ ಸೋಪು,
ಒಗೆಯುವ ಕಲ್ಲಿಗೆ ಸಿಕ್ಕಿ
ಈರುಳ್ಳಿ ಸಿಪ್ಪೆಯಾಗಿ ಹೋಗಿತ್ತು.

ಸಾಹೇಬರು ಬಿಚ್ಚಿದರು. ನಾಲ್ಕನೆಯ ಸಾಲು ಹಾಕಿದರು.
ಎರಡೂ ಪಕ್ಕೆಗೆ ಒಂದೊಂದು ಗೆರೆ
ಕಡುಬಣ್ಣ ಈಚೆಗೆ ಬಂತು.
‘ಕಾಣ್ತದಲ್ಲಮ್ಮ, ಡೈ ಹಾಕಿಸ್ಲಾ?’
ಬೇಡ ಅಂದೆ. ಕಾಣಲಿ.

ಈಗ ಸೋಮವಾರ ಬಂದರೆ ಅದೇ ರವಿಕೆ,
ಗಂಜಿ ಹಾಕಿದ ಹತ್ತಿ ಸೀರೆ, ಎಡಗೈಗೆ ಅವಳ ಗಡಿಯಾರ.
ಕೀ ಕೊಟ್ಟರೆ ನಡೆಯುತ್ತದೆ,
ಊರಿಗಿಂತ ಏಳು ನಿಮಿಷ ಹಿಂದೆ.
ಪಕ್ಕದ ಟೈಪಿಂಗ್ ಮೇಜಿನ ಓಂಕಾರಯ್ಯ
‘ಏನಮ್ಮ, ಇವತ್ತು ನಾಟಕವಾ?’ ಅನ್ನುತ್ತಾನೆ.
ಹೌದು, ಹತ್ತಕ್ಕೆ ಶುರು, ಟಿಕೇಟು ಎರಡು ರೂಪಾಯಿ.

ಯಂತ್ರದ ಮುಚ್ಚಳ ಎತ್ತಿದಾಗಲೆಲ್ಲ
ಬಗಲ ಕೆಳಗಿನ ಗೆರೆ ಒಂದು ಚೂರು ಕಾಣುತ್ತದೆ,
ಮುಚ್ಚಳ ಇಳಿಸಿದರೆ ಒಳಗೆ ಹೋಗುತ್ತದೆ.
ನಿನ್ನೆ ಪಹಣಿ ಹಿಡಿದು ನಿಂತಿದ್ದ ಹುಡುಗಿ
ಕಾಗದ ಬಿಟ್ಟು ಅದನ್ನೇ ನೋಡುತ್ತಿದ್ದಳು.
‘ಅಕ್ಕ, ಆ ಬಣ್ಣಕ್ಕೆ ಏನಂತಾರೆ?’

ಊಟಕ್ಕೆ ಬಾಗಿಲು ಹಾಕುವ ಹೊತ್ತು ಆಗಿತ್ತು.
ನನ್ನ ಕೈಯಲ್ಲಿ
ಇನ್ನೂ ಏಳು ನಿಮಿಷ ಇತ್ತು.