ಐದನೇ ಕಿಂಡಿ

ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ.
ನಾನು ಹೇಳಿದ್ದೇನೆ, ಹನ್ನೊಂದು ವರ್ಷ,
ಮುಲುಂಡ್ ನಾಕಾದ ಐದನೇ ಕಿಂಡಿಯಲ್ಲಿ,
ಬೆಳಗಿನ ನಾಲ್ಕೂಕಾಲಿಗೆ,
ಟೆಂಪೋದ ಡಬ್ಬಗಳಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತಿರುವಾಗ,
ಚಿಲ್ಲರೆ ಎಣಿಸುವಷ್ಟೇ ಹೊತ್ತು.

ಮಗಳಿಗೆ ಜ್ವರ ಅಂದರೆ ಶೇವಂತಾಬಾಯಿ
ಶುಂಠಿ ಕಷಾಯ ಕೊಡು ಅನ್ನುವಳು.
ಮರುದಿನ, ಇಳೀತಾ?
ಇಳೀತು.
ಹಿಂದಿನ ಲಾರಿಯ ಹಾರ್ನು.

ರಸೀದಿಗಳನ್ನು ಕೊರಗಪ್ಪಣ್ಣ ಬಿಸಾಡಲು ಬಿಡಲಿಲ್ಲ,
ಅಕ್ಕಿಯ ಗೋಣಿಗೆ ತುಂಬಿಟ್ಟ.
ಈ ರಸ್ತೆಯಲ್ಲಿ ಒಂದು ಗೇಣು ನನ್ನದು ಮಾರಾಯ,
ಸಾಲ ತೀರಿ ಯಾವ ಕಾಲವಾಯ್ತೋ,
ತೀರಿದ ಸಾಲಕ್ಕೂ ಬಡ್ಡಿ ಕಟ್ಟುವವರು ನಾವೇ,
ಎಂದು ಬೈದೂ ಬೈದೂ
ಹೋದ ಆಷಾಢದಲ್ಲಿ ತಾನೇ ತೀರಿಕೊಂಡ.

ರಾತ್ರಿ ಹನ್ನೆರಡಕ್ಕೆ ಅಡ್ಡಗಂಬ ಮೇಲೆದ್ದಿತು, ಇಳಿಯಲಿಲ್ಲ.
ಯಾರೋ ಪೇಡೆ ಹಂಚುತ್ತಿದ್ದರು. ನಾನೂ ತಿಂದೆ.
ಗೋಣಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದೆ.
ನೋಡಣ್ಣಾ, ಎಂದೆ.

ಐದನೇ ಕಿಂಡಿಯಲ್ಲಿ ದೀಪವಿಲ್ಲ.
ಕಾಲು ತಾನಾಗಿ ಬ್ರೇಕು ಒತ್ತಿತು.
ನೋಟೆಣಿಸಲು ಬೆರಳು ಅದ್ದುತ್ತಿದ್ದ ಸ್ಪಂಜು
ಬಟ್ಟಲಲ್ಲಿ ಹಾಗೇ ಇದೆ, ಇನ್ನೂ ಒದ್ದೆ.

ಮಗಳು ಹತ್ತನೇ ಪಾಸಾದದ್ದು ಹೇಳಬೇಕಿತ್ತು.

ಹಿಂದಿನ ಲಾರಿಯ ಹಾರ್ನು.
ಹಿಟ್ಟು ಉಕ್ಕುವ ಮುನ್ನ ಭಾಂಡುಪ್ ಮುಟ್ಟಬೇಕು.