ಚೆಲ್ಲಿದ್ದರ ಲೆಕ್ಕ

ದುರ್ಗಿಗುಡಿಯಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯ ಮಹಡಿ,
ಗುರುವಾರ ಸಂಜೆ ಏಳೂವರೆ.
ಬೋರ್ಡಿಲ್ಲ. ಸ್ಟೆತಾಸ್ಕೋಪು ಕಾರಿನಲ್ಲೇ ಬಿಟ್ಟು ಬರಬೇಕು,
ಹೆಸರಿನ ಮುಂದಿನ 'ಡಾ.' ಕೂಡ.
ಗೋಡೆಗೊತ್ತಿ ಹಳೇ ಟೈಪ್‌ರೈಟರುಗಳು ಬಟ್ಟೆ ಹೊದ್ದಿವೆ,
ಆಪರೇಷನ್ ಮುಗಿದ ರೋಗಿಗಳ ಹಾಗೆ.
ಹೀಗೆ ನೋಡುವ ಅಭ್ಯಾಸ ನನಗಿನ್ನೂ ಬಿಟ್ಟಿಲ್ಲ.

ನನ್ನದು ಅರಿವಳಿಕೆಯ ಕೆಲಸ.
ಇಪ್ಪತ್ತೆರಡು ವರ್ಷ ಜನರ ತಲೆಯ ಬಳಿ ನಿಂತು
"ಒಂದರಿಂದ ಹತ್ತು ಎಣಿಸಿ" ಅಂದವಳು.
ಏಳು ದಾಟಿದವರು ಕಡಿಮೆ.
ಭದ್ರಾವತಿ ಕಾರ್ಖಾನೆಯ ಒಬ್ಬ ಮುದುಕ ಮಾತ್ರ
ಒಂಬತ್ತರವರೆಗೆ ಬಂದು, ಕಣ್ಣು ಬಿಟ್ಟು ಕೇಳಿದ್ದ:
"ನಿಮಗೆ ನಿದ್ದೆ ಬರ್ತದಾ ತಾಯಿ?"

ಬರುತ್ತಿರಲಿಲ್ಲ.
ಅರ್ಧ ಆಂಪ್ಯೂಲು ರೋಗಿಗೆ, ಉಳಿದರ್ಧ ಸಿಂಕಿಗೆ.
ರಿಜಿಸ್ಟರಿನಲ್ಲಿ ಹಾಗೇ ಬರೆದೆ, 'ಚೆಲ್ಲಲಾಗಿದೆ'.
ಸಾಕ್ಷಿಗೆ ಸಿಸ್ಟರ್ ಹಿಲ್ಡಾಳ ಸಹಿ;
ನೋಡದೆಯೇ ಹಾಕುತ್ತಿದ್ದಳು, ಮಗನ ಪರೀಕ್ಷೆಯ ವಿಚಾರ ಹೇಳುತ್ತ.
ಸಿಂಕು ನನ್ನ ಕಾಲಿನ ಬೆರಳಸಂದಿಯಲ್ಲಿತ್ತು.

ಊರಿನವರು ನನ್ನ ಕೈಗುಣ ಹೊಗಳುತ್ತಿದ್ದರು.

ಒಂದು ದಿನ ಹಿಲ್ಡಾ ಸಹಿ ಹಾಕಲಿಲ್ಲ.
ಕೂಗಲಿಲ್ಲ; ಸಾಕ್ಷಿಯ ಕಾಲಮ್ಮಿನಲ್ಲಿ
ಒಂದು ಫೋನ್ ನಂಬರು ಬರೆದು ಪೆನ್ನಿಗೆ ಮುಚ್ಚಳ ಹಾಕಿದಳು.
ಆಮೇಲೆ ಆಫೀಸಿಗೂ ಹೋಗಿ ಹೇಳಿದಳು.
ಎಂಟು ತಿಂಗಳು ನಾನವಳನ್ನು ಕ್ಷಮಿಸಲಿಲ್ಲ.

ಈಗ ನಿಯಮಗಳಿವೆ. ಥಿಯೇಟರಿಗೆ ಕಾಲಿಡುವಂತಿಲ್ಲ.
ಬೆಳಿಗ್ಗೆ ಫೋನು ಬಂದರೆ ಮಧ್ಯಾಹ್ನದೊಳಗೆ
ಒಂದು ಪ್ಲಾಸ್ಟಿಕ್ ಡಬ್ಬಿ ಮೂತ್ರ.
ಬಾಗಿಲಲ್ಲಿ ನಿಲ್ಲುವ ಲ್ಯಾಬಿನ ಹುಡುಗಿಗೆ
ಒಂದು ಕಾಲಕ್ಕೆ ಪಾಠ ಮಾಡಿದ್ದೆ.
ಅವಳು ನೆಲ ನೋಡುತ್ತಾಳೆ.
ನಾನು ಮುಚ್ಚಳ ಬಿಗಿ ಮಾಡುತ್ತೇನೆ, ಬಿಗಿಯಾಗಿದ್ದರೂ.

ಮೊದಲ ಗುರುವಾರ ಯಾರೂ ಬಾಯಿ ಬಿಡಲಿಲ್ಲ.
ಮೂಳೆ ಡಾಕ್ಟರು ನಯಾಜ್ ತಂದ ಮಂಡಕ್ಕಿಯ ಕರಕರ ಮಾತ್ರ.
ಕೊನೆಗೆ ಹೊಸನಗರ ಕಡೆಯ ಹುಡುಗ, ಪ್ರಣೀತ, ಶುರುಮಾಡಿದ:
ಮಂಗನ ಕಾಯಿಲೆಯ ಕಾಲ, ಕಾಡಂಚಿನ ಮನೆಮನೆಗೆ
ಉಣ್ಣೆ ಕಚ್ಚದಂತೆ ಹಚ್ಚುವ ಎಣ್ಣೆ ಹಂಚಿ ಬಂದಿದ್ದೆ.
ಇಸಕೊಂಡ ಹೆಂಗಸು ಹನ್ನೊಂದನೇ ದಿನ ಹೋದಳು.
ಬಾಟಲಿ ಗೂಡಿನಲ್ಲಿತ್ತು, ಸೀಲು ಒಡೆದಿರಲಿಲ್ಲ.
ಹೇಗೆ ಹಚ್ಚಬೇಕು ಅಂತ ನಾನು ಹೇಳಿದ್ದೆನೋ ಇಲ್ಲವೋ
ನೆನಪಾಗ್ತಿಲ್ಲ ಸರ್. ಕುಡಿದರೆ
ಹೇಳಿದ್ದೆ ಅಂತ ಅನಿಸ್ತದೆ.

'ನಿನ್ನ ತಪ್ಪಲ್ಲ' ಅಂತ ಯಾರೂ ಅನ್ನಲಿಲ್ಲ.
ನಾವೆಲ್ಲ ರೋಗಿಗಳ ಮನೆಯವರಿಗೆ ಎಷ್ಟು ಸಲ ಹೇಳಿದ ಮಾತದು!
ನಯಾಜ್ ಮಂಡಕ್ಕಿ ಪೊಟ್ಟಣ ಅವನತ್ತ ಸರಿಸಿದರು.

ಇವತ್ತು ನಯಾಜ್ ಇಲ್ಲ.
ಮಕ್ಕಳ ಡಾಕ್ಟರು ವೈಜಯಂತಿ ಎರಡು ವಾರದಿಂದ ಬಂದಿಲ್ಲ,
ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ.
ಗಾಡಿ ತೆಗೆದುಕೊಂಡು ಸಾಗರಕ್ಕೆ ಹೋಗಿದ್ದಾರೆ.

ನನ್ನ ಸರದಿ. ಎಷ್ಟು ದಿನ?
ನಲವತ್ತೊಂದು.
ಅದಕ್ಕೂ ಮುಂಚೆ ಒಂದು ಇನ್ನೂರ ಎಂಟಿತ್ತು,
ಅದನ್ನು ಚೆಲ್ಲಲಾಗಿದೆ.
ಪ್ರಣೀತ ನಕ್ಕುಬಿಟ್ಟ. ನಾನೂ.

ಮೇಜಿನ ಮೇಲೆ ಐದು ಮೊಬೈಲು, ಮುಖ ಮೇಲೆ ಮಾಡಿ.
ಒಂಬತ್ತು ಗಂಟೆ.
ಬೀಗದ ಕೈ ಹಿಡಿದುಕೊಂಡೇ ಕೂತಿದ್ದೇವೆ,
ಯಾರೂ ಏಳುತ್ತಿಲ್ಲ.