ಇನ್ನೂ ಒಂದು ದಿನ ಇರಲಿ

ಆರು ರವಿಕೆಯ ಮಜೂರಿಗೆ ಬದಲು
ವಾಮಂಜೂರಿನ ಲೋಲಾಕ್ಷಿಯಕ್ಕ
ಒಂದು ಗೊನೆ ಕದಳಿ ತಂದು ಇಳಿಸಿ ಹೋದರು,
ರಿಕ್ಷಾ ಬಾಡಿಗೆಯನ್ನೂ ನನ್ನಿಂದಲೇ ಕೊಡಿಸಿ.

ದುಡ್ಡಾದರೆ ಇಟ್ಟು ಇಟ್ಟು ಖರ್ಚು ಮಾಡಬಹುದು.
ಗೊನೆ ಹಾಗಲ್ಲ.
ಸೋಮವಾರ ಹಸಿರು, ಮಂಗಳವಾರ ಹಸಿರು,
ಬುಧವಾರ ಒಂದೇ ಒಂದು ಹಳದಿ,
ಗುರುವಾರ ನಾನು ಮೆಷಿನಿಗೆ ಎಣ್ಣೆ ಬಿಡುವಷ್ಟರಲ್ಲಿ
ಎಲ್ಲಕ್ಕೂ ಒಟ್ಟಿಗೆ ಅವಸರ.

ಹಂಚಿದೆ. ಕೆಳಗೆ ಮೊಬೈಲ್ ರಿಪೇರಿಯ ನವಾಝನಿಗೆ,
ಹಾಲಿನ ಹುಡುಗನಿಗೆ,
ಅಳತೆ ಕೊಡಲು ಬಂದವರಿಗೆಲ್ಲ ಬೇಡವೆಂದರೂ ಎರಡೆರಡು.
ಶನಿವಾರಕ್ಕೆ ಉಳಿದದ್ದು ಹದಿನೇಳು.
ಮೈಯೆಲ್ಲ ಚುಕ್ಕೆ, ಚುಕ್ಕೆ ಸೇರಿ ಮಚ್ಚೆ,
ಸುತ್ತ ನುಸಿಗಳ ಸಣ್ಣದೊಂದು ಸಭೆ.

"ದನಕ್ಕೆ ಹಾಕು" ಅಂದರು ಅತ್ತೆ.
ಬೋಳಾರದ ಈ ಓಣಿಯಲ್ಲಿ
ದನ ಕಂಡು ಎಷ್ಟು ವರ್ಷವಾಯಿತು ಅತ್ತೆ?

ಪಕ್ಕದ ಬಾಲ್ಕನಿಯಿಂದ ಮೊದಲು ಗ್ರೆಟ್ಟಾಬಾಯಿಯ ಮೂಗು ಬಂತು,
ಹಿಂದೆಯೇ ಮಾತು:
"ಬಿಸಾಡಬೇಡ ಮಾರಾಯ್ತಿ. ಇನ್ನೂ ಒಂದು ದಿನ ಇರಲಿ.
ನೆಂಟರ ಎದುರು ಇಡಲಿಕ್ಕೆ ನಾಚಿಕೆ ಆಗಬೇಕು,
ಅಷ್ಟು ಕಪ್ಪಾಗಬೇಕು.
ಕೇಕಿಗೆ ಆಗುವುದು ಆಗ."

ಭಾನುವಾರ ಮೊದಲ ಪೂಜೆ ಮುಗಿಸಿದವರೇ
ಸೊಂಟದಲ್ಲಿ ಮಗುವಿನ ಹಾಗೆ ಎತ್ತಿಕೊಂಡು ತಂದರು ಓವನ್ನು.
ದುಂಡನೆಯ ಅಲ್ಯೂಮಿನಿಯಂ, ಮುಚ್ಚಳಕ್ಕೊಂದು ಗಾಜಿನ ಕಣ್ಣು,
ವಯರಿಗೆ ಮೂರು ಕಡೆ ಕಪ್ಪು ಟೇಪು.
ಮದುವೆಗೆ ಅಣ್ಣ ಫ್ರಾನ್ಸಿ ಕೊಟ್ಟದ್ದಂತೆ.
ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.
ಓವನ್ನನ್ನು ಬಿಟ್ಟಿಲ್ಲ.

ನಾನು ಅಳತೆಯವಳು.
ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಕೇಳಿದೆ: ರವೆ ಎಷ್ಟು?
"ರುಳಾಂವಾ? ಹಣ್ಣು ಕುಡಿಯುವಷ್ಟು."
ಬೆಲ್ಲ?
"ಹಣ್ಣನ್ನೇ ಕೇಳು, ಅದರ ಹತ್ತಿರ ಎಷ್ಟು ಉಂಟು ಅಂತ."
ತುಪ್ಪ?
ಅವರು ನನ್ನ ಡಬ್ಬಿ ನೋಡಿದರು,
ನಾನು ಅವರ ಚಮಚ ನೋಡಿದೆ.

ಸುಲಿಯುವುದೆಂತ, ಸಿಪ್ಪೆ ತಾನೇ ಕಳಚಿ ಬಂತು,
ಕಚ್ಚಾ ಹೊಲಿಗೆಯ ನೂಲು ಎಳೆದ ಹಾಗೆ.
ಒಳಗೆ ಜೇನಿನ ಬಣ್ಣ, ಕಳ್ಳಿನ ಒಂದಿಷ್ಟು ವಾಸನೆ.
ಮೊಟ್ಟೆ ಬೀಳುತ್ತದೋ ಎಂದು ಅತ್ತೆ ಬಾಗಿಲಲ್ಲಿ ಕಾವಲು.
ಬೀಳಲಿಲ್ಲ. ಹುಳಿ ಮಜ್ಜಿಗೆ, ಚಿಟಿಕೆ ಸೋಡಾ,
ಏಲಕ್ಕಿ ಕುಟ್ಟಿದ್ದು ಅತ್ತೆಯೇ.

ಮೂವತ್ತೈದನೇ ನಿಮಿಷಕ್ಕೆ ಕರೆಂಟು ಹೋಯಿತು.
ಲೈನ್‌ಮ್ಯಾನಿಗೆ ಫೋನು ಮಾಡಿದರೆ
ಆ ಕಡೆ ಮೀನು ಹುರಿಯುವ ಸದ್ದು.
ಮುಚ್ಚಳಕ್ಕೆ ಕೈ ಹಾಕಿದೆ,
ನನ್ನದೇ ಸ್ಕೇಲಿನಿಂದ ನನ್ನ ಗೆಣ್ಣಿಗೆ ಒಂದು ಬಿತ್ತು.
"ಶಾಖ ಒಳಗೆ ಉಂಟು. ಅದು ಅದರ ಕೆಲಸ ಮಾಡಲಿ."

ಫ್ಯಾನಿಲ್ಲದ ಕೋಣೆಯಲ್ಲಿ ಮೂವರು ಹೆಂಗಸರು
ಒಂದು ಪಾತ್ರೆಯ ಸುತ್ತ ಬೆವರುತ್ತ.
ಗಾಜಿನ ಕಣ್ಣು ಮಂಜಾಗಿ ಏನೂ ಕಾಣದು.
ಸುಮ್ಮನಿರಲಾರದೆ ಹೇಳಿದೆ:
ಪ್ರತಿ ರವಿಕೆಗೂ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇನೆ ಬಾಯಿ,
ಯಾರೂ ಕೇಳುವುದಿಲ್ಲ, ಯಾರಿಗೂ ಕಾಣುವುದಿಲ್ಲ.
ಮೂರು ವರ್ಷ ಕಳೆದು ಅವರೇ ಬರುತ್ತಾರೆ,
ಬಿಗಿಯಾಯಿತು, ಬಿಡಿಸಲಿಕ್ಕೆ ಉಂಟಾ ಅಂತ.

ಗ್ರೆಟ್ಟಾಬಾಯಿ ಗಾಜು ಒರೆಸಿದರು.
"ಫ್ರಾನ್ಸಿಗೆ ಅಂಚಿನ ತುಂಡೇ ಆಗಬೇಕು, ಸ್ವಲ್ಪ ಕರಟಿದ್ದು."
ಮತ್ತೆ ಏನೂ ಹೇಳಲಿಲ್ಲ.

ತೆಗೆದಾಗ ನಡು ಕುಸಿದಿತ್ತು,
ಚಿಕ್ಕ ಮಗು ಕೂತೆದ್ದ ದಿಂಬಿನ ಹಾಗೆ.
ಸುತ್ತ ಕಂದು, ಗಟ್ಟಿ; ನಡುವೆ ಚಮಚವೇ ಬೇಕು.
ಪರಿಮಳಕ್ಕೆ ನವಾಝ್ ಮೇಲೆ ಬಂದ,
ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು.
ಅತ್ತೆ ಎರಡನೇ ಸಲ ಹಾಕಿಸಿಕೊಂಡು
"ಇದು ಕೇಕಲ್ಲ, ಹಲ್ವ" ಎಂದು ತೀರ್ಪು ಕೊಟ್ಟರು.

ಅಂಚಿನದೊಂದು ತುಂಡು
ನನ್ನ ಸ್ಟೀಲು ಡಬ್ಬಿಯಲ್ಲಿ ಹೋಯಿತು.
ಯಾರಿಗೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಡಬ್ಬಿ ಇನ್ನೂ ವಾಪಸು ಬಂದಿಲ್ಲ.

ಸೋಮವಾರ ಲೋಲಾಕ್ಷಿಯಕ್ಕನ ಫೋನು:
ಇನ್ನೂ ನಾಲ್ಕು ರವಿಕೆ ಉಂಟು,
ಈ ಸಲ ಹಲಸಿನ ಹಣ್ಣು ಆಗಬಹುದಾ?